ಬೆಲ್ಟ್ ಹಾಕಿದಾನೆ ಸರಿ, ಹುಕ್ ಎಲ್ಲಿಗೆ ಹಾಕಿದಾನೆ?

ಹೋದ ವರ್ಷ ಬೇಸಿಗೇಲಿ ನಮ್ಮ ಪಕ್ಕದ ಮನೆ ತಾರಸಿ ಮೇಲೆ ಸೋಲಾರ್ ಹಾಕೋಕೆ ಮೂರು ಜನ ಹುಡುಗ್ರು ಬಂದಿದ್ರು. ತುಮಕೂರಿನ ಹಳೇ ಬಡಾವಣೆ ನಮ್ಮದು, ಕೆಳಗೊಂದು ಮೇಲೊಂದು ಮನೆ, ತಾರಸಿಗೆ ಇಪ್ಪತ್ತೆರಡಡಿ ಆಗುತ್ತೆ. ಆ ಮನೆಯವರಿಗೆ ಹಪ್ಪಳ ಸಂಡಿಗೆ ಒಣಗಿಸೋಕೆ ತಾರಸಿ ಖಾಲಿ ಬೇಕು, ಅದಕ್ಕೆ ಪ್ಯಾನೆಲ್ ಸ್ಟ್ರಕ್ಚರ್‌ನ ಎಂಟಡಿ ಮೇಲಕ್ಕೆ ಏರ್ಸಿ ಅಂತ ಹೇಳಿದ್ರು. ಅಂದ್ರೆ ಆ ಹುಡುಗ ನಿಂತು ಬೋಲ್ಟ್ ಟೈಟ್ ಮಾಡೋ ಜಾಗ ರಸ್ತೆಯಿಂದ ಮೂವತ್ತಡಿ ಎತ್ತರ, ಕಾಲ ಕೆಳಗೆ ಎರಡಿಂಚಿನ ಜಿಐ ಪೈಪು, ಪಕ್ಕದಲ್ಲಿ ಮೊಣಕಾಲೆತ್ತರದ ಪ್ಯಾರಾಪೆಟ್ಟು.

ಶುರುವಲ್ಲಿ ಒಬ್ಬ ಕೆಂಪು ಬೆಲ್ಟ್ ಹಾಕ್ಕೊಂಡ, ಭುಜ ತೊಡೆ ಎಲ್ಲಾ ಸುತ್ತಿರೋ ಫುಲ್ ಬಾಡಿ ಬೆಲ್ಟೇ, ಹೆಲ್ಮೆಟ್ ಹಾಕ್ಕೊಂಡ, ಇನ್ನೊಬ್ಬ ಮೊಬೈಲಲ್ಲಿ ಫೋಟೋ ಹೊಡ್ದ, ಕಂಪನಿ ವಾಟ್ಸಾಪ್ ಗ್ರೂಪಿಗೆ ಹೋಯ್ತು. ನಮ್ಮ ತಾರಸಿಯಿಂದ ನೋಡ್ತಾ ಇದ್ದೆ. ಬೆಲ್ಟಿನ ಹಗ್ಗದ ತುದೀಲಿರೋ ಎರಡೂ ಹುಕ್ಕು ಅವನ ಸೊಂಟದ ಪಟ್ಟಿಗೇ ಸಿಕ್ಕಿಸಿಕೊಂಡಿದ್ದ. ಏನಪ್ಪಾ, ಹುಕ್ ಎಲ್ಲೂ ಹಾಕಲ್ವಾ ಅಂದೆ. ಅವನು ನಗಾಡ್ಕೊಂಡು, ಎಲ್ಲಿಗ್ ಹಾಕ್ಲಿ ಸಾರ್, ನೀವೇ ತೋರ್ಸಿ ಅಂದ.

ನಾನು ಸುತ್ತ ನೋಡ್ದೆ. ನೀರಿನ ಟ್ಯಾಂಕು, ಅದು ಇಟ್ಟಿಗೆ ಕಟ್ಟೆ ಮೇಲೆ ಸುಮ್ನೆ ಕೂತಿದೆ. ಪಿವಿಸಿ ಪೈಪು. ಹಳೇ ಡಿಶ್ ಆಂಟೆನಾ ಸ್ಟ್ಯಾಂಡು, ತುಕ್ಕು ಹಿಡಿದು ಒಂದು ಕಾಲು ಅಲ್ಲಾಡ್ತಿದೆ. ಬಟ್ಟೆ ಒಣಗಿಸೋ ತಂತಿ. ಅವರದ್ದೇ ಸ್ಟ್ರಕ್ಚರು, ಅದಕ್ಕಿನ್ನೂ ಬೇಸ್ ಬೋಲ್ಟೇ ಬಿಗಿದಿಲ್ಲ. ತೋರ್ಸೋಕೆ ಏನೂ ಇರ್ಲಿಲ್ಲ ನನ್ನ ಹತ್ರ. ಹತ್ತು ನಿಮಿಷಕ್ಕೆ ಬೆಲ್ಟ್ ಬಿಚ್ಚಿ ಟೂಲ್ ಬ್ಯಾಗ್ ಮೇಲೆ ಎಸೆದು ಕೆಲಸ ಶುರು ಹಚ್ಚಿಕೊಂಡ, ನಾನು ಆಮೇಲೆ ಏನೂ ಹೇಳಕ್ಕೆ ಹೋಗ್ಲಿಲ್ಲ.

ಅವತ್ತಿಂದ ನನಗೆ ಈ ವಿಷಯ ತಲೇಲಿ ಕೂತುಬಿಟ್ಟಿದೆ. ನಾವೆಲ್ಲ ಸೇಫ್ಟಿ ಅಂದ್ರೆ ಬೆಲ್ಟು ಹೆಲ್ಮೆಟ್ಟು ಅಂದ್ಕೊಂಡಿದೀವಿ, ಆದ್ರೆ ಬೆಲ್ಟ್ ಅನ್ನೋದು ಒಂದು ಸರಪಳಿಯ ಒಂದೇ ಕೊಂಡಿ ಅಷ್ಟೇ. ಮೈ ಮೇಲಿರೋ ಬೆಲ್ಟು, ಅದನ್ನ ಜೋಡಿಸೋ ಹಗ್ಗ ಹುಕ್ಕು, ಆ ಹುಕ್ಕನ್ನ ಹಿಡ್ಕೊಳ್ಳೋ ಗಟ್ಟಿ ಜಾಗ, ಇದಕ್ಕೆ ಸೇಫ್ಟಿಯವರು ಆಂಕರ್ ಅಂತಾರೆ. ಮೊದಲನೇ ಎರಡು ಅಂಗಡೀಲಿ ಸಿಗುತ್ತೆ, ಸಾವಿರದೈನೂರು ಎರಡು ಸಾವಿರ ಕೊಟ್ರೆ ಐಎಸ್ 3521, ಅಂದ್ರೆ ಇಂಥ ಬೆಲ್ಟಿನ ಭಾರತೀಯ ಮಾನಕ, ಆ ಮಾರ್ಕ್ ಇರೋದೇ ಬರುತ್ತೆ. ಮೂರನೇದು ಅಂಗಡೀಲಿ ಕೊಂಡು ಬ್ಯಾಗಲ್ಲಿ ತರೋದಲ್ಲ, ಅದು ಕಟ್ಟಡದಲ್ಲೇ ಇರ್ಬೇಕು. ನಮ್ಮ ಮನೆಗಳಲ್ಲಿ ಅದು ಇಲ್ಲ. ಕಾರಿನ ಸೀಟ್ ಬೆಲ್ಟ್ ಎಳ್ಕೊಂಡು ತೊಡೆ ಮೇಲೆ ಇಟ್ಕೊಂಡು ಬಕಲ್ ಹಾಕದೇ ಕೂತ ಹಾಗೆ ಇದು.

ಇದು ಈಗ ಯಾಕೆ ಇಷ್ಟು ಮುಖ್ಯ ಅಂದ್ರೆ, ನಮ್ಮ ತಾರಸಿಗಳ ಮೇಲೆ ಹತ್ತೋ ಜನರ ಸಂಖ್ಯೆ ಇದ್ದಕ್ಕಿದ್ದ ಹಾಗೆ ಏರಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂತು, 1 ಕೋಟಿ ಮನೆಗೆ ಸೋಲಾರ್ ಅನ್ನೋ ಗುರಿ, 75,021 ಕೋಟಿ ರೂಪಾಯಿ ಖರ್ಚು, 3 ಕಿಲೋವ್ಯಾಟಿಗೆ 78,000 ಸಬ್ಸಿಡಿ. ಒಳ್ಳೇದೇ, ನಾನೂ ಹಾಕಿಸ್ಬೇಕು ಅಂತಿದೀನಿ. ಆದ್ರೆ 1 ಕೋಟಿ ಮನೆ ಅಂದ್ರೆ 1 ಕೋಟಿ ತಾರಸಿ, ಒಂದೊಂದರ ಮೇಲೂ ಇಬ್ರು ಮೂವರು ಒಂದೆರಡು ದಿನ ಕೆಲಸ ಮಾಡ್ಬೇಕು, ಆಮೇಲೆ ಪ್ಯಾನೆಲ್ ತೊಳೆಯೋಕೆ ಹದಿನೈದು ದಿನಕ್ಕೋ ತಿಂಗಳಿಗೋ ಯಾರಾದ್ರೂ ಹತ್ತಬೇಕು, ಅದೂ ಕಾಲು ಜಾರೋ ಸೋಪ್ ನೀರಲ್ಲಿ. ಈಗ ಬರ್ತಿರೋ ಒಂದೊಂದು ಪ್ಯಾನೆಲ್ಲು ಏಳೂವರೆ ಅಡಿ ಉದ್ದ, 28 ಕೆಜಿ ಆಸುಪಾಸು ತೂಕ. ಅದನ್ನ ಇಬ್ರು ಎತ್ತಿ ಹಿಡ್ಕೊಂಡಿರುವಾಗ ಗಾಳಿ ಬೀಸಿದ್ರೆ ಅದು ಹಾಯಿ ದೋಣಿಯ ಹಾಯಿ ಥರ, ಮನುಷ್ಯನನ್ನ ಎಳ್ಕೊಂಡೇ ಹೋಗುತ್ತೆ. ಆಷಾಢದ ಗಾಳೀಲಿ ಈ ಕೆಲಸ ಮಾಡ್ಸೋರನ್ನ ನೋಡಿದ್ರೆ ಎದೆ ಝಲ್ ಅನ್ನುತ್ತೆ.

ಸೋಲಾರ್ ಬಿಡಿ, ಅದಕ್ಕಿಂತ ಮೊದಲೇ ತಾರಸಿ ಮೇಲೆ ಶೀಟ್ ಹಾಕ್ಸೋದು ಎಲ್ಲಾ ಊರಲ್ಲೂ ಶುರುವಾಗಿತ್ತು. ಬಿಸಿಲಿಗೆ, ಸೋರೋದಕ್ಕೆ, ಮೇಲೊಂದು ಬಾಡಿಗೆ ರೂಮಿಗೆ. ಆ ಶೀಟು ಪ್ಯಾರಾಪೆಟ್ಟಿಂದ ಎರಡಡಿ ಆಚೆ ಚಾಚ್ಕೊಂಡಿರುತ್ತೆ, ಮಳೆ ನೀರು ಗೋಡೆಗೆ ಬೀಳದಿರಲಿ ಅಂತ. ಆ ಎರಡಡಿ ಚಾಚಿನ ಮೇಲೆ ಕೂತು ಸ್ಕ್ರೂ ಹೊಡೆಯೋನಿಗೆ ಪ್ಯಾರಾಪೆಟ್ಟೂ ಇಲ್ಲ, ಏನೂ ಇಲ್ಲ.

ಹುಕ್ ಎಲ್ಲಿಗಾದ್ರೂ ಹಾಕ್ಕೊಂಡ್ರೆ ಸಾಕಲ್ವಾ, ಪೈಪಿಗೋ ಕಂಬಿಗೋ ಅಂತ ಕೇಳ್ಬಹುದು. ಇಲ್ಲಿ ಸ್ವಲ್ಪ ಲೆಕ್ಕ ನೋಡ್ಬೇಕು. ಮೂವತ್ತಡಿಯಿಂದ ಬಿದ್ದೋನು ನೆಲ ಮುಟ್ಟೋಕೆ ಒಂದೂವರೆ ಸೆಕೆಂಡೂ ಬೇಡ, ಆಗ ಅವನ ವೇಗ ಗಂಟೆಗೆ 48 ಕಿಲೋಮೀಟರ್. ಬರೀ ಆರಡಿ ಬಿದ್ದು ಹಗ್ಗ ಬಿಗಿಯಾದ್ರೂ, ಆ ಹಗ್ಗದಲ್ಲಿ ಶಾಕ್ ಅಬ್ಸಾರ್ಬರ್ ಇಲ್ದಿದ್ರೆ ಎಂಬತ್ತು ಕೆಜಿ ಮನುಷ್ಯ ಒಂದು ಕ್ಷಣಕ್ಕೆ ಸಾವಿರ ಕೆಜಿ ತೂಗೋ ಹಾಗೆ ಜಗ್ಗುತ್ತಾನೆ. ಶಾಕ್ ಅಬ್ಸಾರ್ಬರ್ ಅಂದ್ರೆ ಬೆಲ್ಟಿನ ಹಗ್ಗ, ಲ್ಯಾನ್ಯಾರ್ಡ್ ಅಂತಾರಲ್ಲ, ಅದರ ಜೊತೆ ಸಣ್ಣ ಪ್ಯಾಕೆಟ್ ಥರ ಇರುತ್ತಲ್ಲ, ಒಳಗೆ ಮಡಚಿ ಹೊಲಿದ ಪಟ್ಟಿ, ಬಿದ್ದಾಗ ಹೊಲಿಗೆ ಪರಪರ ಬಿಚ್ಕೊಂಡು ಏಟನ್ನ ತಾನು ತಗೊಳುತ್ತೆ, ಅದು. ಯುರೋಪಿನ ಲೆಕ್ಕದಲ್ಲಿ ಅದು ಏಟನ್ನ 6 ಕಿಲೋನ್ಯೂಟನ್ ಒಳಗೆ ತರಬೇಕು, ಅಂದ್ರೆ ಆರುನೂರು ಕೆಜಿ ಚಿಲ್ರೆ. ಅಮೆರಿಕದ ಕಾರ್ಮಿಕ ಸುರಕ್ಷತೆ ಇಲಾಖೆ ಓಶಾ, ಆಂಕರ್ ಅನ್ನೋದು ಒಬ್ಬೊಬ್ಬನಿಗೆ 5,000 ಪೌಂಡ್ ತಡೀಬೇಕು ಅನ್ನುತ್ತೆ, ಸುಮಾರು 2,270 ಕೆಜಿ. ಎರಡು ಸಣ್ಣ ಕಾರು ನೇತು ಹಾಕಿದ್ರೂ ಕೀಳಬಾರದು. ಈಗ ನಮ್ಮ ಡಿಶ್ ಸ್ಟ್ಯಾಂಡನ್ನ ಇನ್ನೊಂದ್ಸಲ ನೋಡಿ.

ಕೆಲವರು ಮುಂದೆ ಮೇಲೆ ಕಟ್ಟೋಣ ಅಂತ ಪಿಲ್ಲರ್ ಕಂಬಿ ಬಿಟ್ಟಿರ್ತಾರೆ, ಅದಕ್ಕೆ ಹುಕ್ ಹಾಕೋದನ್ನೂ ಕಂಡಿದೀನಿ. ಹತ್ತು ವರ್ಷ ಮಳೇಲಿ ನೆನೆದ ಕಂಬಿ, ಬಾಗಿದ್ರೆ ಹುಕ್ಕು ತುದೀವರೆಗೂ ಜಾರಿ ಕಳಚ್ಕೊಳುತ್ತೆ, ಮೇಲಾಗಿ ಅದೇ ಕಂಬಿ ಮೇಲೆ ಬಿದ್ರೆ ಈಟಿ.

ಇನ್ನೊಂದು ಲೆಕ್ಕ ಇದೆ, ಇದನ್ನ ಬೆಲ್ಟ್ ಮಾರೋ ಅಂಗಡಿಯವರೂ ಹೇಳಲ್ಲ, ನನ್ನ ಪ್ರಕಾರ ಇಡೀ ವಿಷಯದಲ್ಲಿ ಜನಕ್ಕೆ ಗೊತ್ತೇ ಇಲ್ಲದ್ದು ಇದು. ಬೆಲ್ಟ್ ಹಾಕಿ, ಗಟ್ಟಿ ಜಾಗಕ್ಕೆ ಹುಕ್ಕೂ ಹಾಕಿದ್ರೂ ಮನುಷ್ಯ ನೆಲಕ್ಕೆ ಬೀಳಬಹುದು. ಹೇಗೆ ಅಂದ್ರೆ, ಮಾಮೂಲಿ ಲ್ಯಾನ್ಯಾರ್ಡ್ ಉದ್ದ ಆರಡಿ. ಅಬ್ಸಾರ್ಬರ್ ಬಿಚ್ಕೊಂಡಾಗ ಇನ್ನೊಂದು ಮೂರೂವರೆ ಅಡಿ. ಬೆನ್ನಿನ ರಿಂಗಿಂದ ಪಾದದವರೆಗೆ ಐದಡಿ. ಬೆಲ್ಟ್ ಎಳೆಯೋದು, ಅಂದಾಜು ತಪ್ಪೋದು ಎಲ್ಲಾ ಸೇರ್ಸಿ ಮುಂಜಾಗ್ರತೆಗೆ ಮೂರಡಿ. ಕೂಡಿಸಿದ್ರೆ ಹದಿನೇಳೂವರೆ ಅಡಿ. ಅಂದ್ರೆ ಹುಕ್ ಹಾಕಿದ ಜಾಗದಿಂದ ಕೆಳಗೆ ಅಷ್ಟು ಖಾಲಿ ಇದ್ರೆ ಮಾತ್ರ ಬೆಲ್ಟು ಅವನನ್ನ ಗಾಳೀಲಿ ಹಿಡಿಯುತ್ತೆ. ಫ್ಯಾಕ್ಟರೀಲಿ ತಲೆ ಮೇಲೆ ಬೀಮ್ ಇರುತ್ತೆ, ಅಲ್ಲಿಗೆ ಹುಕ್ ಹಾಕ್ತಾರೆ, ನಡೆಯುತ್ತೆ. ತಾರಸಿ ಮೇಲೆ ತಲೆ ಮೇಲೆ ಏನಿದೆ, ಆಕಾಶ. ಆಂಕರ್ ಏನಿದ್ರೂ ಕಾಲ ಬುಡದಲ್ಲಿ, ಆಗ ಬೀಳೋ ದೂರ ಇನ್ನೂ ಜಾಸ್ತಿ ಆಗುತ್ತೆ. ಹನ್ನೊಂದಡಿಯ ಒಂದಂತಸ್ತಿನ ಮನೆ ಮೇಲಿಂದ ಬಿದ್ರೆ ಹಗ್ಗ ಹಿಡಿದು ನಿಲ್ಲಿಸೋ ಮೊದಲೇ ಅಂಗಳ ಸಿಕ್ಕಿರುತ್ತೆ. ಎರಡಂತಸ್ತಿನ ಮನೇಲಿ ನಡುವೆ ಸಜ್ಜ ಇರುತ್ತೆ, ಅದಕ್ಕೆ ಹೊಡ್ಕೊಳ್ತಾನೆ. ಹುಕ್ ಹಾಕಿದ ಜಾಗ ಪಕ್ಕಕ್ಕೆ ದೂರ ಇದ್ರೆ ಗಡಿಯಾರದ ಲೋಲಕದ ಹಾಗೆ ಬೀಸ್ಕೊಂಡು ಹೋಗಿ ಗೋಡೆಗೋ ಕಿಟಕಿ ಗ್ರಿಲ್ಲಿಗೋ ಬಡೀತಾನೆ. ಶೀಟಿನ ಅಂಚು ಚಾಕು ಥರ, ಹಗ್ಗ ಅದರ ಮೇಲೆ ಉಜ್ಜಿದ್ರೆ ಅಲ್ಲಿಗೆ ಕಥೆ ಮುಗೀತು.

ಹಾಗಾದ್ರೆ ಏನು ಮಾಡೋದು. ಬಿದ್ದ ಮೇಲೆ ಹಿಡಿಯೋದಕ್ಕಿಂತ ಅಂಚಿಗೇ ಹೋಗದ ಹಾಗೆ ಕಟ್ಟೋದು. ಹಸು ಮೇಯೋಕೆ ಬಿಡುವಾಗ ಗೂಟ ಹೊಡೆದು ಹಗ್ಗ ಅಳೆದು ಕಟ್ತೀವಲ್ಲ, ಪಕ್ಕದವನ ಜೋಳದ ಹೊಲಕ್ಕೆ ಬಾಯಿ ಹಾಕೋಕೆ ಒಂದು ಮೊಳ ಕಮ್ಮಿ ಇರೋ ಹಾಗೆ, ಅದೇ ಉಪಾಯ. ತಾರಸಿ ನಡುವೆ ಗಟ್ಟಿ ಗೂಟ, ಅದರಿಂದ ಅಂಚಿಗೆ ಎರಡಡಿ ಕಮ್ಮಿ ಉದ್ದದ ಹಗ್ಗ, ಆಗ ಅವನು ಬೀಳೋ ಜಾಗಕ್ಕೆ ತಲುಪೋದೇ ಇಲ್ಲ. ಇದಕ್ಕೆ ಇಂಗ್ಲಿಷರು ರಿಸ್ಟ್ರೈಂಟ್ ಅಂತ ಹೆಸರಿಟ್ಟಿದಾರೆ, ನಮ್ಮ ದನ ಕಾಯೋರಿಗೆ ಹೆಸರಿಲ್ದೆನೇ ಗೊತ್ತಿತ್ತು. ಚಪ್ಪಟೆ ತಾರಸಿಯ ಮುಕ್ಕಾಲು ಪಾಲು ಕೆಲಸಕ್ಕೆ ಇದು ಸಾಕು. ಹಗ್ಗದ ಉದ್ದ ಹೆಚ್ಚು ಕಮ್ಮಿ ಮಾಡೋಕೆ ರೋಪ್ ಗ್ರ್ಯಾಬ್ ಅಂತ ಒಂದು ಸಣ್ಣ ಹಿಡಿಕೆ ಸಿಗುತ್ತೆ, ಹಗ್ಗದ ಮೇಲೆ ಬೇಕಾದಲ್ಲಿ ನಿಲ್ಲಿಸ್ಕೋಬಹುದು. ಮೂಲೆಗೆ ಹೋದಾಗ ಮಾತ್ರ ಉದ್ದ ಮತ್ತೆ ಅಳೀಬೇಕು, ಯಾಕಂದ್ರೆ ನಡುವೆಯಿಂದ ಮೂಲೆಗೆ ದೂರ ಜಾಸ್ತಿ, ಅಂಚಿಗೆ ಕಮ್ಮಿ, ಇದೊಂದನ್ನ ಮರೆತು ಹಗ್ಗ ಸಡಿಲ ಬಿಟ್ರೆ ಗೂಟ ಇದ್ದೂ ಉಪಯೋಗ ಇಲ್ಲ.

ಶೀಟು ಮತ್ತೆ ಹಂಚಿನ ಮಾಡು ಬೇರೆ ಕಥೆ, ಅಲ್ಲಿ ಅಂಚೊಂದೇ ಅಪಾಯ ಅಲ್ಲ, ಕಾಲ ಕೆಳಗಿರೋದೇ ಅಪಾಯ. ಹಳೇ ಸಿಮೆಂಟ್ ಶೀಟು, ನಾವು ಆಸ್ಬೆಸ್ಟಾಸ್ ಅಂತ ಕರೆಯೋದು, ನೋಡೋಕೆ ಕಲ್ಲಿನ ಥರ ಇರುತ್ತೆ, ಇಪ್ಪತ್ತು ವರ್ಷ ಬಿಸಿಲು ಮಳೆ ತಿಂದ ಮೇಲೆ ಬಿಸ್ಕತ್ತು. ಪಾಚಿ ಬೇರೆ. ಗೋಡೌನುಗಳಲ್ಲಿ ನಡುನಡುವೆ ಬೆಳಕಿಗೆ ಅಂತ ಫೈಬರ್ ಶೀಟ್ ಹಾಕಿರ್ತಾರೆ, ಧೂಳು ಕೂತು ಪೇಂಟ್ ಬಿದ್ದು ಅದು ಉಳಿದಿದ್ದರ ಜೊತೆ ಬಣ್ಣ ಒಂದೇ ಆಗಿಬಿಟ್ಟಿರುತ್ತೆ, ಕಾಲಿಟ್ಟ ಅಂದ್ರೆ ಸೀದಾ ಕೆಳಗಿರೋ ಮಿಷನ್ ಮೇಲೆ. ಶೀಟಿನ ಕೆಲಸದವರು ಬೋಲ್ಟ್ ಸಾಲಿನ ಮೇಲೇ ನಡೀಬೇಕು ಅಂತ ಹುಡುಗರಿಗೆ ಹೇಳಿಕೊಡ್ತಾರೆ, ಬೋಲ್ಟ್ ಇದ್ದಲ್ಲಿ ಕೆಳಗೆ ಪಟ್ಟಿ ಇರುತ್ತೆ ಅಂತ. ಅರ್ಧ ನಿಜ. ನಾಲ್ಕಿಂಚಿನ ದಾರೀಲಿ ಕೈಲಿ ಡ್ರಿಲ್ ಹಿಡ್ಕೊಂಡು ನಡೆಯೋನು ಒಂದ್ಸಲ ತಡವರಿಸಿದ್ರೆ ಎರಡನೇ ಹೆಜ್ಜೆ ಬೀಳೋದು ಶೀಟಿನ ನಡುವೆನೇ.

ತೀರ್ಥಹಳ್ಳಿ ಹತ್ರ ನಮ್ಮ ದೊಡ್ಡಮ್ಮನ ಮನೆ ಇದೆ, ಹಂಚಿನ ಮನೆ, ಪಕ್ಕದಲ್ಲಿ ಕೊಟ್ಟಿಗೆಗೆ ಸಿಮೆಂಟ್ ಶೀಟು. ಪ್ರತಿ ವರ್ಷ ಮೇ ತಿಂಗಳಲ್ಲಿ ಮಳೆ ಹಿಡಿಯೋ ಮೊದಲು ಒಬ್ರು ವಯಸ್ಸಾದೋರು ಬಂದು ಒಡೆದ ಹಂಚು ಬದಲಾಯಿಸಿ ಹೋಗ್ತಿದ್ರು. ನಾನು ಹೈಸ್ಕೂಲಲ್ಲಿ ಇದ್ದಾಗ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಕೊಟ್ಟಿಗೆ ಮೇಲೆ ಹತ್ತೋ ಮುಂಚೆ ಎರಡು ಅಡಿಕೆ ದಬ್ಬೆ, ಅಂದ್ರೆ ಉದ್ದಕ್ಕೆ ಸೀಳಿದ ಅಡಿಕೆ ಮರ, ಮೇಲೆ ತಳ್ಳಿ, ಶೀಟಿನ ಪಟ್ಟಿಯಿಂದ ಪಟ್ಟಿಗೆ ಅಡ್ಡ ಹಾಕಿ, ಒಂದರ ಮೇಲೆ ಕೂತು ಇನ್ನೊಂದನ್ನ ಮುಂದಕ್ಕೆ ತಳ್ಳಿ, ಹಾಗೇ ದಾಟ್ಕೊಂಡು ಹೋಗ್ತಿದ್ರು, ಶೀಟಿಗೆ ಪಾದ ತಾಗಿಸ್ತಾನೇ ಇರ್ಲಿಲ್ಲ. ಹಂಚಿನ ಮಾಡಿಗೆ ಏಣಿನ ಮಲಗಿಸಿ ಹಾಕಿ, ಹಗ್ಗ ಒಂದನ್ನ ಮನೆ ನೆತ್ತಿ ಮೇಲಿಂದ ಆಚೆ ಕಡೆ ಎಸೆದು, ಹಿತ್ತಲಲ್ಲಿರೋ ಹಲಸಿನ ಮರದ ಬುಡಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕೋಕೆ ನಮ್ಮ ಅಣ್ಣನ್ನ ಕಳಿಸ್ತಿದ್ರು. ಗಂಟು ಹಾಕಿದ ಮೇಲೆ ತಾವೇ ಇಳಿದು ಹೋಗಿ ಒಂದ್ಸಲ ಜಗ್ಗಿ ನೋಡೋರು, ಮಾಣಿ ಕಟ್ಟಿದ್ದನ್ನ ನಂಬೋದಾ ಅಂತ ಗೊಣಗ್ಕೊಂಡು.

ಆಮೇಲೆ ಬ್ರಿಟನ್ ಅಮೆರಿಕದ ಸೇಫ್ಟಿ ಪುಸ್ತಕಗಳನ್ನ ಓದುವಾಗ ನನಗೆ ನಗು ಬಂತು. ಅದರಲ್ಲಿರೋ ಕ್ರಾಲಿಂಗ್ ಬೋರ್ಡು ನಮ್ಮ ಅಡಿಕೆ ದಬ್ಬೆ, ರೂಫ್ ಲ್ಯಾಡರ್ ಅಂದ್ರೆ ಆ ಮಲಗಿಸಿದ ಏಣಿ, ಆಂಕರ್ ಅಂದ್ರೆ ಹಲಸಿನ ಮರ. ನಮ್ಮದೇ 1998ರ ಕೇಂದ್ರ ಕಟ್ಟಡ ಕಾರ್ಮಿಕರ ನಿಯಮಗಳಲ್ಲೂ ಕಡಿದಾದ ಮಾಡಿನ ಕೆಲಸಕ್ಕೆ ಅಂತ ಬೇರೇನೇ ಒಂದು ಅಧ್ಯಾಯ ಇದೆ, ಕ್ರಾಲಿಂಗ್ ಬೋರ್ಡ್ ಹೇಗಿರಬೇಕು ಅಂತ ಬರೆದಿದ್ದಾರೆ. ಮಂಗಳೂರು ಹಂಚಿನ ಮೊದಲ ಕಾರ್ಖಾನೆ ಬಾಸೆಲ್ ಮಿಷನ್ನಿನವರು ಶುರು ಮಾಡಿದ್ದು 1865ರಲ್ಲಿ, ಅಷ್ಟು ಕಾಲದಿಂದ ನಮ್ಮ ಜನ ಆ ಮಾಡು ಹತ್ತಿ ಇಳಿದು ಇದನ್ನೆಲ್ಲ ಕಂಡುಕೊಂಡಿದ್ರು. ಆದ್ರೆ ಅವರದ್ದೂ ಎಲ್ಲಾ ಸರಿ ಅಂತ ಹಾಡಿ ಹೊಗಳೋಕೂ ಆಗಲ್ಲ. ಅವರು ಹಗ್ಗನ ಸೊಂಟಕ್ಕೆ ಕಟ್ಕೊಳ್ತಿದ್ರು, ಬಿದ್ದಿದ್ರೆ ಮರ ತಡೀತಿತ್ತು, ಹಗ್ಗ ತಡೀತಿತ್ತು, ಅವರ ಬೆನ್ನುಮೂಳೆ ಪಕ್ಕೆಲುಬು ತಡೀತಿರಲಿಲ್ಲ. ಬರೀ ಸೊಂಟದ ಬೆಲ್ಟಲ್ಲಿ ಬೀಳೋದನ್ನ ತಡೆಯೋದನ್ನ ಅಮೆರಿಕದಲ್ಲಿ 1998ರ ಜನವರಿ 1ರಿಂದಲೇ ನಿಲ್ಲಿಸಿದ್ದಾರೆ, ಅದಕ್ಕೇ ಭುಜ ತೊಡೆ ಎಲ್ಲಾ ಹಿಡಿಯೋ ಬೆಲ್ಟು ಬಂದಿದ್ದು, ಏಟು ತೊಡೆಗೆ ಹಂಚಿ ಹೋಗಲಿ ಅಂತ. ನಮ್ಮ ಹಾರ್ಡ್‌ವೇರ್ ಅಂಗಡೀಲಿ ಸೊಂಟದ ಬೆಲ್ಟು ಇವತ್ತೂ ಮುನ್ನೂರು ನಾನೂರಕ್ಕೆ ನೇತಾಡ್ತಿದೆ. ಹಳಬರ ಹತ್ರ ಮರ ಇತ್ತು ಬೆಲ್ಟ್ ಇರ್ಲಿಲ್ಲ, ಈಗಿನ ಹುಡುಗ್ರ ಹತ್ರ ಬೆಲ್ಟ್ ಇದೆ ಮರ ಇಲ್ಲ.

ಇನ್ನು ಬೆಲ್ಟು ಕೆಲಸ ಮಾಡ್ತು ಅಂತಾನೇ ಇಟ್ಕೊಳ್ಳಿ. ಹುಡುಗ ಅಂಚಿಂದ ಹತ್ತಡಿ ಕೆಳಗೆ ನೇತಾಡ್ತಿದಾನೆ, ಜೀವ ಇದೆ. ಈಗ ಯಾರು ಮೇಲೆ ಎಳೀತಾರೆ? ಜೊತೆಗಿರೋದು ಒಬ್ಬ ಹೆಲ್ಪರ್, ಅವನಿಗೆ ಎಂಬತ್ತು ಕೆಜಿ ಎಳೆಯೋಕೆ ಆಗಲ್ಲ. ತೊಡೆ ಪಟ್ಟಿ ಬಿಗಿದು ನೇತಾಡ್ತಾ ಇದ್ರೆ ರಕ್ತ ಕಾಲಲ್ಲೇ ನಿಂತು ಹೃದಯಕ್ಕೆ ವಾಪಸ್ ಬರೋದು ಕಮ್ಮಿ ಆಗುತ್ತೆ, ತಲೆ ಸುತ್ತುತ್ತೆ, ಎಚ್ಚರ ತಪ್ಪುತ್ತೆ, ಅರ್ಧ ಗಂಟೆ ಒಳಗೆ ಪ್ರಾಣಕ್ಕೇ ಬರಬಹುದು ಅಂತ ಓಶಾದವರೇ ಎಚ್ಚರಿಕೆ ಕೊಟ್ಟಿದ್ರು. ಫೈರ್ ಇಂಜಿನ್ ಬರಲಿ ಅಂತ ಕಾಯೋ ವಿಷಯ ಅಲ್ಲ ಇದು. ಒಂದು ಉದ್ದದ ಏಣಿ ಮನೆ ಪಕ್ಕದಲ್ಲಿ ರೆಡಿ ಇದ್ರೂ ಸಾಕು, ಅದನ್ನ ಕಾಲ ಕೆಳಗೆ ಕೊಟ್ರೆ ನಿಂತ್ಕೊಳ್ತಾನೆ. ಕೆಲವು ಬೆಲ್ಟಲ್ಲಿ ಕಾಲಿಡೋಕೆ ಅಂತ ಸಣ್ಣ ಪಟ್ಟಿ ಚೀಲದಲ್ಲಿ ಇರುತ್ತೆ, ಬಿಚ್ಚಿ ಅದರ ಮೇಲೆ ನಿಂತ್ಕೊಂಡ್ರೆ ರಕ್ತ ಓಡಾಡುತ್ತೆ. ಬಿದ್ದ ಏಟು ತಿಂದ ಬೆಲ್ಟು, ಹಗ್ಗ ಮತ್ತೆ ಉಪಯೋಗಿಸೋ ಹಾಗಿಲ್ಲ, ಕತ್ತರಿಸಿ ಬಿಸಾಕಬೇಕು, ಇಲ್ಲಾಂದ್ರೆ ಇನ್ನೊಬ್ಬ ಹಾಕ್ಕೊಳ್ತಾನೆ.

ಕಾನೂನು ಏನು ಹೇಳುತ್ತೆ ಅಂತ ಕೇಳಿದ್ರೆ, ಬಹಳ ಹೇಳುತ್ತೆ, ಆದ್ರೆ ನಮ್ಮ ತಾರಸಿಗೆ ಹೇಳಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆಗೆ ಮಾತ್ರ ಇತ್ತು, ಸ್ವಂತ ವಾಸದ ಮನೆ 10 ಲಕ್ಷದ ಒಳಗೆ ಇದ್ರೆ ಅದೂ ಇರ್ಲಿಲ್ಲ. 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆ ಜಾರಿಗೆ ಬಂದ್ವಲ್ಲ, ಅದರಲ್ಲಿ ಔದ್ಯೋಗಿಕ ಸುರಕ್ಷತೆ ಸಂಹಿತೆ ಈ ಹಳೇ ಕಾಯ್ದೆ ಜಾಗಕ್ಕೆ ಬಂತು, ಅದರಲ್ಲೂ ಹತ್ತು ಜನದ ಗೆರೆ ಹಾಗೇ ಇದೆ, ಸ್ವಂತ ಮನೆಯ ಮಿತಿ 10 ಲಕ್ಷದಿಂದ 50 ಲಕ್ಷಕ್ಕೆ ಹೋಯ್ತು. ಬೆಲೆ ಏರಿಕೆಗೆ ತಕ್ಕ ಹಾಗೆ ಮಾಡಿದ್ದಿರಬಹುದು, ಆದ್ರೆ ಪರಿಣಾಮ ಏನಪ್ಪಾ ಅಂದ್ರೆ ಮೂರು ಜನ ಸೇರಿ ಒಂದೂವರೆ ದಿನದಲ್ಲಿ ಮುಗಿಸೋ ಸೋಲಾರ್ ಕೆಲಸ, ಇಬ್ರು ಮಾಡೋ ಶೀಟ್ ಕೆಲಸ, ಒಬ್ಬ ಬಂದು ಮಾಡೋ ವಾಟರ್‌ಪ್ರೂಫಿಂಗು, ಇವ್ಯಾವುದೂ ಆ ಬಲೆಯೊಳಗೆ ಸಿಗಲ್ಲ. ದೊಡ್ಡ ಅಪಾರ್ಟ್‌ಮೆಂಟ್ ಸೈಟಲ್ಲಿ ಸೇಫ್ಟಿ ಆಫೀಸರ್ ಇರ್ತಾನೆ, ಪರ್ಮಿಟ್ ಇರುತ್ತೆ, ಬೆಳಿಗ್ಗೆ ಕೆಲಸಕ್ಕೆ ಮುಂಚೆ ಸೇಫ್ಟಿ ಬಗ್ಗೆ ಟೂಲ್‌ಬಾಕ್ಸ್ ಮೀಟಿಂಗ್ ನಡೆಯುತ್ತೆ. ಅದೇ ಹುಡುಗ ಭಾನುವಾರ ನಮ್ಮ ಮನೆ ಮೇಲೆ ಬಂದಾಗ ಯಾರೂ ಇಲ್ಲ. ಬಿದ್ದ ಮೇಲೆ ಮಾತ್ರ ಕಾನೂನು ಬರುತ್ತೆ, ಮುಂಚೆ ಭಾರತೀಯ ದಂಡ ಸಂಹಿತೆಯ 304ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆ 106, ನಿರ್ಲಕ್ಷ್ಯದಿಂದ ಸಾವು, 5 ವರ್ಷದವರೆಗೆ ಜೈಲು. ಎಫ್‌ಐಆರ್‌ನಲ್ಲಿ ಮನೆ ಓನರ್ ಹೆಸರೂ ಸೇರ್ಕೊಳ್ಳಬಹುದು, ಇದು ಎಷ್ಟೋ ಓನರ್‌ಗಳಿಗೆ ಗೊತ್ತಿಲ್ಲ. ಪೇಪರಲ್ಲಿ ಒಳಪುಟದಲ್ಲಿ ನಾಲ್ಕು ಸಾಲು, ಕಾಲು ಜಾರಿ ಬಿದ್ದು ಕಾರ್ಮಿಕ ಸಾವು. ತಪ್ಪೆಲ್ಲಾ ಕಾಲಿನದ್ದೇ ಅನ್ನೋ ಹಾಗೆ.

ಬ್ರಿಟನ್ನಲ್ಲಿ ಎತ್ತರದ ಕೆಲಸಕ್ಕೆ ಅಂತಲೇ 2005ರಲ್ಲಿ ನಿಯಮ ಬಂತು. ಅದು ಬೆಲ್ಟಿಂದ ಶುರುವಾಗಲ್ಲ. ಮೊದಲು, ಹತ್ತದೇ ಮಾಡೋಕಾಗುತ್ತಾ ನೋಡು. ಆಗಲ್ವಾ, ಕಟಕಟೆ ಸಾರ್ವೆ ಹಾಕಿ ಬೀಳದ ಹಾಗೆ ಮಾಡು. ಅದೂ ಆಗಲ್ಲ ಅಂದ್ರೆ ಕೊನೇಗೆ ಬೆಲ್ಟು ಬಲೆ. ಹಾಗಿದ್ರೂ 2023-24ರಲ್ಲಿ ಅಲ್ಲಿ ಕೆಲಸದ ಜಾಗದಲ್ಲಿ ಸತ್ತ 138 ಜನರಲ್ಲಿ 50 ಜನ ಎತ್ತರದಿಂದ ಬಿದ್ದವರು. ಇಷ್ಟು ಕಟ್ಟುನಿಟ್ಟು ಇರೋ ಕಡೆಯೇ ಹೀಗೆ. ನಮ್ಮಲ್ಲಿ ಸರದಿ ತಲೆಕೆಳಗು, ಬೆಲ್ಟಿಂದ ಶುರು, ಬೆಲ್ಟಿಗೇ ಮುಕ್ತಾಯ. ಪ್ಯಾನೆಲ್ ತೊಳೆಯೋದನ್ನೇ ತಗೊಳ್ಳಿ, ಉದ್ದ ಕೋಲಿನ ಬ್ರಷ್ ಇದ್ರೆ ತಾರಸಿ ಮೇಲೆ ನಿಂತೇ ತೊಳೀಬಹುದು, ಸ್ಟ್ರಕ್ಚರ್ ಹತ್ತೋದೇ ಬೇಡ, ಅದಕ್ಕೆ ತಕ್ಕ ಹಾಗೆ ಸಾಲಿನ ನಡುವೆ ಓಡಾಡೋ ಜಾಗ ಬಿಡ್ಬೇಕು ಅಷ್ಟೇ. ಆದ್ರೆ ನಾವು ಇನ್ನೊಂದು ಪ್ಯಾನೆಲ್ ತುರುಕೋಕೆ ನೋಡ್ತೀವಿ.

ಅವರೇ ಹಾಕ್ಕೊಳಲ್ಲ ಸಾರ್, ನಾವು ಕೊಟ್ಟಿದೀವಿ. ಕಾಂಟ್ರಾಕ್ಟರ್‌ಗಳ ಬಾಯಲ್ಲಿ ಇದು ಕೇಳಿ ಕೇಳಿ ಸಾಕಾಗಿದೆ. ಸುಳ್ಳೇನಲ್ಲ, ಹಾಕ್ಕೊಳಲ್ಲ. ಆದ್ರೆ ಯಾಕೆ ಅಂತ ಯಾರೂ ಕೇಳಲ್ಲ. ಏಪ್ರಿಲ್ ಬಿಸಿಲಲ್ಲಿ ಆ ಬೆಲ್ಟು ಬೆನ್ನಿಗೆ ಅಂಟುತ್ತೆ, ಒಬ್ಬನ ಅಳತೆಗೆ ಹೊಂದಿಸಿದ್ದು ಇನ್ನೊಬ್ಬನಿಗೆ ತೊಡೇಲಿ ಕಚ್ಚುತ್ತೆ, ಹೊಂದಿಸೋದು ಹೇಗೆ ಅಂತ ಯಾರೂ ತೋರಿಸಿರಲ್ಲ. ತೊಡೆ ಪಟ್ಟಿ ಒಳಗೆ ಅಂಗೈ ಹೋಗ್ಬೇಕು ಮುಷ್ಟಿ ಹೋಗಬಾರದು, ಬೆನ್ನಿನ ರಿಂಗು ಎರಡು ಹೆಗಲ ಮೂಳೆ ನಡುವೆ ಇರ್ಬೇಕು, ಇಷ್ಟು ಹೇಳೋಕೆ ಎರಡು ನಿಮಿಷ ಸಾಕು. ಒಂದೇ ಹುಕ್ ಇದ್ರೆ ಜಾಗ ಬದಲಾಯಿಸುವಾಗ ಬಿಚ್ಚಲೇಬೇಕು, ಬೀಳೋದು ಅದೇ ಹೊತ್ತಲ್ಲಿ, ಅದಕ್ಕೇ ಎರಡು ಹುಕ್ಕಿನದ್ದು ಬೇಕು, ಒಂದು ಹಾಕಿ ಇನ್ನೊಂದು ತೆಗೆಯೋದು. ಕೂಲಿ ದಿನಕ್ಕಲ್ಲ, ಕಿಲೋವ್ಯಾಟಿಗೆ ಇಷ್ಟು, ಚದರಡಿಗೆ ಇಷ್ಟು ಅಂತ, ಹುಕ್ ಹಾಕಿ ತೆಗೆದು ಮಾಡಿದ್ರೆ ಒಂದು ಗಂಟೆ ಜಾಸ್ತಿ ಆಗುತ್ತೆ, ಆ ಗಂಟೆಯ ದುಡ್ಡು ಅವನ ಜೇಬಿಂದ ಹೋಗುತ್ತೆ. ಇಷ್ಟೆಲ್ಲ ಮಾಡಿದ್ರೂ ಕೊನೇಗೆ ಹುಕ್ ಹಾಕೋಕೆ ಜಾಗ ಇಲ್ಲ. ಅಂಥ ಬೆಲ್ಟನ್ನ ಬಿಚ್ಚಿ ಎಸೆಯೋನು ದಡ್ಡ ಅಂತ ನಾನಂತೂ ಹೇಳಲ್ಲ, ಕಾಲಿಗೆ ತೊಡಕಾಗೋ ಹಗ್ಗ ಬೇಡ ಅಂತ ಲೆಕ್ಕ ಹಾಕಿರ್ತಾನೆ.

ಕೊಟೇಶನ್ ತೆಗೆದು ನೋಡಿ. ಪ್ಯಾನೆಲ್ ಇಷ್ಟು, ಇನ್ವರ್ಟರ್ ಇಷ್ಟು, ಸ್ಟ್ರಕ್ಚರ್, ಅರ್ಥಿಂಗ್, ಲೈಟ್ನಿಂಗ್ ಅರೆಸ್ಟರ್. ಸಿಡಿಲಿಂದ ಪ್ಯಾನೆಲ್ ಕಾಯೋಕೆ ಒಂದು ಸಾಲು ಇದೆ, ಬೀಳದ ಹಾಗೆ ಮನುಷ್ಯನ್ನ ಕಾಯೋಕೆ ಸಾಲಿಲ್ಲ. ಸಾಲು ಇಲ್ಲದ್ದಕ್ಕೆ ದುಡ್ಡಿಲ್ಲ, ದುಡ್ಡಿಲ್ಲದ್ದು ನಡೆಯಲ್ಲ. ಮೂರು ಜನ ಕೊಟೇಶನ್ ಕೊಟ್ಟಾಗ ಸೇಫ್ಟಿಗೆ ಐದು ಸಾವಿರ ಸೇರಿಸಿದವನದ್ದೇ ಜಾಸ್ತಿ ಕಾಣುತ್ತೆ, ನಾವು ಕಮ್ಮಿ ಇರೋನನ್ನ ಕರೀತೀವಿ. ನಾವು ಅಂದ್ರೆ ನಾನೂ ಸೇರಿ. ಸಬ್ಸಿಡಿ ಬರ್ಬೇಕಾದ್ರೆ ಕೆಲಸ ಮುಗಿದ ಮೇಲೆ ಫೋಟೋ ಸಮೇತ ವಿವರ ಪೋರ್ಟಲ್‌ಗೆ ಏರಿಸ್ಬೇಕು, ಅದರ ಜೊತೆಗೇ ಆಂಕರ್ ಎಲ್ಲಿ ಹಾಕಿದೀರಿ ಅನ್ನೋದರ ಒಂದು ಫೋಟೋ ಕೇಳಿದ್ರೆ ಎಷ್ಟೋ ಬದಲಾಗುತ್ತೆ. ಎದೆ ಮೇಲಿನ ಬೆಲ್ಟಿನ ಫೋಟೋ ಬೇಡ, ಅದು ಈಗಲೇ ವಾಟ್ಸಾಪಲ್ಲಿ ಬೇಕಾದಷ್ಟಿದೆ. ಹುಕ್ಕಿನ ತುದಿಯ ಫೋಟೋ.

ನಮ್ಮ ಮನೆ ಮೇಲೆ ಈ ವರ್ಷ ಒಂದು ಮಹಡಿ ಎತ್ತಿಸಿದ್ವಿ. ಮೋಲ್ಡ್ ಹಾಕೋ ಹಿಂದಿನ ದಿನ ಮೇಸ್ತ್ರಿ ಬಂದು ಫ್ಯಾನ್ ಹುಕ್ ಎಲ್ಲೆಲ್ಲಿ ಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಸ್ಕೊಂಡ್ರು, ಹಾಲಲ್ಲಿ ಎರಡು, ರೂಮಿಗೊಂದು. ಆಗ ನಾನು, ಮೇಸ್ತ್ರಿ, ಮೇಲ್ಗಡೆಗೂ ಎರಡು ಹುಕ್ ಬೇಕು, ಬೀಮ್ ಮೇಲೆ ಬರೋ ಹಾಗೆ ಅಂದೆ. ಇಂಜಿನಿಯರ್ ಹತ್ರ ಮೊದಲೇ ಲೆಕ್ಕ ಹಾಕಿಸಿ ಚೀಟಿ ಬರೆಸಿದ್ದೆ, ರಾಡ್ ಎಷ್ಟು ದಪ್ಪ, ಬೀಮಿನ ಕಂಬಿ ಕೆಳಗೆ ಹೇಗೆ ಬಾಗಬೇಕು, ತುಕ್ಕು ಹಿಡಿಯದ ಸ್ಟೇನ್‌ಲೆಸ್ಸೇ ಆಗ್ಬೇಕು ಅಂತ. ಮೇಸ್ತ್ರಿ ಚೀಟಿ ನೋಡಿದ್ರು, ನನ್ನ ಮುಖ ನೋಡಿದ್ರು. ತಾರಸಿ ಮೇಲೆ ಯಾಕೆ ಸಾರ್ ಇಷ್ಟು ಗಟ್ಟಿ ಹುಕ್ಕು, ಎಮ್ಮೆ ಕಟ್ತೀರಾ?

ಹೂಂ ಮೇಸ್ತ್ರಿ, ಹಾಗೇ ಅಂದ್ಕೊಳ್ಳಿ ಅಂದೆ. ಸೆಂಟ್ರಿಂಗ್ ಹುಡುಗ್ರು ಎರಡು ದಿನ ಅದನ್ನೇ ಹೇಳ್ಕೊಂಡು ನಕ್ಕರು. ಎರಡು ಹುಕ್ಕಿಗೆ ರಾಡು, ಬಾಗಿಸೋ ಕೂಲಿ ಎಲ್ಲಾ ಸೇರಿ ಎರಡು ಸಾವಿರವೂ ಆಗಲಿಲ್ಲ. ಈಗ ಅದಕ್ಕೆ ನಮ್ಮ ಮನೆಯವಳು ಬಟ್ಟೆ ಒಣಗಿಸೋ ಹಗ್ಗ ಕಟ್ಟಿದಾಳೆ. ಮೊನ್ನೆ ಸೋಲಾರ್ ಅಳತೆಗೆ ಅಂತ ಬಂದಿದ್ದ ಹುಡುಗ ಆ ರಿಂಗನ್ನ ಕಾಲಲ್ಲಿ ಒಂದ್ಸಲ ಒದ್ದು ನೋಡಿ, ಇದೇನ್ ಸಾರ್ ಅಂತ ಕೇಳ್ದ. ಹೇಳ್ದೆ. ಬಗ್ಗಿ ಕೈಯಲ್ಲಿ ಹಿಡ್ಕೊಂಡು ಎರಡು ಸಲ ಜಗ್ಗಿದ, ತೀರ್ಥಹಳ್ಳಿಯ ಆ ಯಜಮಾನರು ಹಲಸಿನ ಮರದ ಗಂಟು ಜಗ್ಗಿದ ಹಾಗೇನೇ, ಆಮೇಲೆ ಟೇಪ್ ತೆಗೆದು ಅಲ್ಲಿಂದ ಅಂಚಿಗೆ ಎಷ್ಟಡಿ ಅಂತ ಅಳೆದು ಬರ್ಕೊಂಡ.